ಗುಳಿಗೆಯು ಹೊಟ್ಟೆಯಲ್ಲಿ ಬಿಚ್ಚಿಕೊಳ್ಳುವ ಬಗೆ

ಕಳೆದ ಆಷಾಢದಲ್ಲಿ ನಮ್ಮ ಹಿರಿಯ ಅಕ್ಕನವರ ಮನೆಗೆ ಹೋಗಿದ್ದೆನು. ಅವರಿಗೆ 78 ವರ್ಷ. ರಕ್ತದೊತ್ತಡಕ್ಕೆಂದು ದಿನಕ್ಕೊಂದು ಗುಳಿಗೆ. ಅದು ಗಂಟಲಲ್ಲಿ ಇಳಿಯದೆಂದು ಸೊಸೆಯು ಎಲೆ ಅಡಿಕೆಯ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದಳು. ಸೇವೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಔಷಧಿ ಕೊಟ್ಟ ಒಂದೆರಡು ತಾಸಿನಲ್ಲಿ ಅಕ್ಕನವರಿಗೆ ಕಣ್ಣು ಕತ್ತಲೆಗೂಡುತ್ತಿದ್ದಿತು. ಒಂದು ದಿನ ದೇವರಮನೆಯ ಹೊಸ್ತಿಲಲ್ಲಿಯೇ ಕುಸಿದರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ವೈದ್ಯರು ಗುಳಿಗೆಯ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, "ತಾಯಿ, ಇದನ್ನು ಕುಟ್ಟಬಾರದು. ಇಡೀ ದಿನ ಸ್ವಲ್ಪ ಸ್ವಲ್ಪವೇ ಇಳಿಯಬೇಕಾದುದನ್ನು ಒಂದೇ ಗುಟುಕಿಗೆ ಕೊಟ್ಟಂತಾಯಿತು" ಎಂದರು. ಸೊಸೆ ತಲೆ ತಗ್ಗಿಸಿದಳು. ಆಕೆಯ ತಪ್ಪೇನು? ಆಕೆಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಅಂದಿನಿಂದ ಈ ವಿಷಯವನ್ನು ಅರಿತವರಲ್ಲಿ ಕೇಳಿ, ಓದಿ ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಪುಡಿಯನ್ನು ಅಚ್ಚಿನಲ್ಲಿಟ್ಟು ಒತ್ತಿ ಗುಳಿಗೆ ಮಾಡುವ ವಿಧಾನಕ್ಕೆ 1843ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರೊಕೆಡನ್ ಎಂಬಾತನು ಪೇಟೆಂಟ್ ಪಡೆದನು. ಆತನು ವೃತ್ತಿಯಿಂದ ಚಿತ್ರಕಾರ! ಪೆನ್ಸಿಲ್ಲಿನ ಸೀಸದ ಕಡ್ಡಿಗೆ ಬೇಕಾದ ಕಪ್ಪುಪುಡಿಯನ್ನು ಒತ್ತುವುದೂ ಆ ಪೇಟೆಂಟಿನಲ್ಲಿಯೇ ಸೇರಿದ್ದಿತು. ಒತ್ತುವ ಕೆಲಸವೇನೋ ಸಾಧಿಸಿತು. ಆದರೆ ಅದರೊಡನೆ ಒಂದು ತೊಡಕೂ ಹುಟ್ಟಿತು. ಗುಳಿಗೆಯು ಕಾರ್ಖಾನೆಯಿಂದ ಹೊರಟು, ಲಾರಿಯಲ್ಲಿ ಕುಲುಕಾಡಿ, ನಮ್ಮ ಊರಿನ ಅಂಗಡಿಗೆ ಬರುವತನಕ ಚೂರು ಉದುರದಂತೆ ಗಟ್ಟಿಯಾಗಿರಬೇಕು. ಹೊಟ್ಟೆಗೆ ಬಿದ್ದೊಡನೆ ಪುಡಿಯಾಗಬೇಕು. ಬರಿದೇ ಒತ್ತಿದರೆ ಅದು ಕಲ್ಲಿನಂತಾಗಿ, ಒಳಗಿನ ಔಷಧಿ ಕರಗದೆ ಹಾಗೆಯೇ ಹೊರಗೆ ಹೋಗಬಹುದು.

ಈ ತೊಡಕಿಗೆ ಪರಿಹಾರ ದೊರೆತುದು ನಮ್ಮ ಅಡಿಗೆಮನೆಯ ವಸ್ತುವಿನಲ್ಲಿಯೇ. ಗೋವಿನಜೋಳ, ಆಲೂಗಡ್ಡೆ, ಗೋಧಿ ಇವುಗಳ ಪಿಷ್ಟವನ್ನು ಗುಳಿಗೆಯ ತೂಕದಲ್ಲಿ ನೂರಕ್ಕೆ 5ರಿಂದ 15 ಭಾಗದಷ್ಟು ಸೇರಿಸುವ ರೂಢಿ ಬಹುಕಾಲದಿಂದ ಬಂದಿದೆ. ಇಂತಹ ವಸ್ತುಗಳಿಗೆ ವಿಘಟನ ದ್ರವ್ಯಗಳೆಂದು ಹೇಳಬಹುದು. ಗಡಿಗೆಯ ಕಂಠದವರೆಗೆ ಒಣಕಡಲೆ ತುಂಬಿ, ನೀರು ಹೊಯ್ದು, ಬಾಯಿ ಬಿಗಿದಿಟ್ಟರೆ ಬೆಳಗಾಗುವಷ್ಟರಲ್ಲಿ ಗಡಿಗೆ ಬಿರುಕು ಬಿಡುವುದನ್ನು ಕೇಳಿಲ್ಲವೇ? ಗುಳಿಗೆಯೊಳಗೂ ಅದೇ ನ್ಯಾಯ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಪಿಷ್ಟದ ಕಣಗಳು ನೀರನ್ನು ಒಳಕ್ಕೆಳೆಯುತ್ತವೆ. ಬಳಿಕ ತಾವು ಉಬ್ಬಿ, ಸುತ್ತಲಿನ ಪುಡಿಯನ್ನು ದೂಡಿ ಬಿಡಿಸುತ್ತವೆ.

ಈಚಿನ ದಶಕಗಳಲ್ಲಿ ಇನ್ನೂ ಚುರುಕಾದ ಮೂರು ದ್ರವ್ಯಗಳು ಬಳಕೆಗೆ ಬಂದಿವೆ. ಆಲೂಗಡ್ಡೆಯೇ ಮೊದಲಾದವುಗಳ ಪಿಷ್ಟವನ್ನು ರಾಸಾಯನಿಕವಾಗಿ ಮಾರ್ಪಡಿಸಿ ಮಾಡಿದ ಸೋಡಿಯಂ ಸ್ಟಾರ್ಚ್ ಗ್ಲೈಕೋಲೇಟ್ ಒಂದು. ಗಿಡಮರಗಳ ನಾರಿನಿಂದಾದ ಕ್ರಾಸ್‌ಕಾರ್ಮೆಲೋಸ್ ಇನ್ನೊಂದು. ಸಂಪೂರ್ಣ ಕೃತಕವಾದ ಕ್ರಾಸ್‌ಪೊವಿಡೋನ್ ಮತ್ತೊಂದು. ಇವು ನೂರಕ್ಕೆ 2ರಿಂದ 5 ಭಾಗವಿದ್ದರೆ ಸಾಮಾನ್ಯವಾಗಿ ಸಾಕು. ತಯಾರಕರು ಎಷ್ಟೋ ವೇಳೆ ಇವನ್ನು ಎರಡು ಪಾಲು ಮಾಡುತ್ತಾರೆ. ಹರಳುಗಳ ಹೊರಗಿರುವ ಪಾಲು ಗುಳಿಗೆಯನ್ನು ಹರಳುಗಳಾಗಿ ಒಡೆಯುತ್ತದೆ. ಹರಳುಗಳ ಒಳಗಿರುವ ಪಾಲು ಆ ಹರಳುಗಳನ್ನು ಹಿಟ್ಟಾಗಿಸುತ್ತದೆ. ಬಹು ಸೊಗಸಾದ ಯುಕ್ತಿಯಿದು.

ನಮ್ಮ ಮನೆಗಳಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ಇವುಗಳಲ್ಲಿ ಪ್ರಾಣಿಜನ್ಯವಾದುದೇನಾದರೂ ಇದೆಯೇ? ಮೇಲೆ ಹೇಳಿದ ದ್ರವ್ಯಗಳು ಸಸ್ಯಮೂಲದವು ಇಲ್ಲವೆ ಕೃತಕವಾದವು. ಕ್ಯಾಪ್ಸೂಲಿನ ಹೊರಕವಚದ ಮಾತು ಬೇರೆ. ಅದು ಬಹುಮಟ್ಟಿಗೆ ಪ್ರಾಣಿಜನ್ಯವಾದ ಜೆಲಾಟಿನ್. ಸಸ್ಯಮೂಲದ ಕವಚಗಳೂ ಈಗ ದೊರೆಯುತ್ತವೆ. ಸಂದೇಹವಿದ್ದವರು ವೈದ್ಯರನ್ನು ಕೇಳಬೇಕೇ ಹೊರತು ತಾವಾಗಿಯೇ ಔಷಧಿ ಬಿಡಬಾರದು.

ಗುಳಿಗೆ ಒಡೆಯುವುದನ್ನು ಪರೀಕ್ಷಿಸುವ ಯಂತ್ರವೂ ಇದೆ. ತಳದಲ್ಲಿ ತಂತಿಯ ಜರಡಿಯುಳ್ಳ ಆರು ಗಾಜಿನ ನಳಿಗೆಗಳು. ಒಂದೊಂದರಲ್ಲಿ ಒಂದು ಗುಳಿಗೆ. ನಮ್ಮ ದೇಹದಷ್ಟೇ ಬಿಸಿಯಾದ, 37 ಡಿಗ್ರಿಯ ನೀರಿನಲ್ಲಿ ಅವು ಮೇಲೆ ಕೆಳಗೆ ಆಡುತ್ತವೆ. ಲೇಪವಿಲ್ಲದ ಸಾಧಾರಣ ಗುಳಿಗೆ 15 ನಿಮಿಷದೊಳಗೆ ಒಡೆಯಬೇಕೆಂದು ಭಾರತೀಯ ಔಷಧಕೋಶದ ನಿಯಮ. ನೀರಿನಲ್ಲಿ ಕದಡಿ ಕುಡಿಸುವ ಗುಳಿಗೆಗಾದರೆ 3 ನಿಮಿಷ. ಭೇದಿಯಾದ ಮಕ್ಕಳಿಗೆ ಚಮಚದಲ್ಲಿ ಕದಡಿ ಕೊಡುವ ಜಿಂಕ್ ಗುಳಿಗೆಯನ್ನು ತಾಯಂದಿರು ನೋಡಿಯೇ ಇರುತ್ತೀರಿ.

ಒಡೆದರಷ್ಟೇ ಸಾಲದು, ಔಷಧಿ ಕರಗಬೇಕು ಕೂಡ. ಹೃದ್ರೋಗಕ್ಕೆ ಕೊಡುವ ಡಿಜಾಕ್ಸಿನ್ ಎಂಬ ಔಷಧಿಯಿದೆ. ಅದರ ಪ್ರಮಾಣ ತುಸು ಕಡಿಮೆಯಾದರೆ ಗುಣವಿಲ್ಲ, ತುಸು ಹೆಚ್ಚಾದರೆ ವಿಷ. 1971ರಲ್ಲಿ ಅಮೆರಿಕದ ವೈದ್ಯರು ಬೇರೆ ಬೇರೆ ತಯಾರಕರ ಡಿಜಾಕ್ಸಿನ್ ಗುಳಿಗೆಗಳನ್ನು ಕೊಟ್ಟು ರಕ್ತ ಪರೀಕ್ಷಿಸಿದರು. ಎಲ್ಲ ಗುಳಿಗೆಗಳಲ್ಲಿಯೂ ಔಷಧಿ ಒಂದೇ ಅಳತೆ. ಆದರೆ ರಕ್ತಕ್ಕೆ ಸೇರಿದ ಪ್ರಮಾಣದಲ್ಲಿ ಏಳು ಪಟ್ಟಿನವರೆಗೆ ಅಂತರ! ಕರಗುವ ವೇಗವನ್ನು ಅಳೆಯದೆ ಗುಳಿಗೆಯನ್ನು ನಂಬಲಾಗದೆಂಬ ಅರಿವು ಬಲವಾದುದು ಇಂತಹ ಶೋಧಗಳಿಂದಲೇ.

ಈಗ ಅಕ್ಕನವರ ಗುಳಿಗೆಗೆ ಬರೋಣ. ಬೇಗ ಒಡೆಯುವುದೇ ಎಲ್ಲ ಗುಳಿಗೆಗಳ ಧರ್ಮವಲ್ಲ. ಹೊಟ್ಟೆಯ ಆಮ್ಲಕ್ಕೆ ಕೆಡುವ ಪ್ಯಾಂಟೊಪ್ರಜೋಲ್‌ನಂತಹ ಔಷಧಿಗೆ, ಕರುಳು ಸೇರುವತನಕ ಬಿಚ್ಚಿಕೊಳ್ಳದ ಲೇಪವಿರುತ್ತದೆ. ಪರೀಕ್ಷೆಯಲ್ಲಿ ಅಂತಹ ಗುಳಿಗೆ ಆಮ್ಲದಲ್ಲಿ ಎರಡು ತಾಸು ಒಡೆಯದೆ ನಿಲ್ಲಬೇಕು. ಇನ್ನು ಕೆಲವು ದಿನವಿಡೀ ಮೆಲ್ಲಮೆಲ್ಲನೆ ಔಷಧಿ ಬಿಡುವಂತೆ ಕಟ್ಟಿದವು. ರಕ್ತದೊತ್ತಡದ ನಿಫೆಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇವುಗಳಲ್ಲಿ ಎರಡು ಬಗೆಯೂ ಉಂಟು. ಹೆಸರಿನ ಬದಿಯಲ್ಲಿ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್ ಎಂಬ ಅಕ್ಷರಗಳಿದ್ದರೆ ಅದು ನಿಧಾನದ ಗುಳಿಗೆಯೆಂದು ತಿಳಿಯಿರಿ. ಅದನ್ನು ಕುಟ್ಟಬಾರದು, ಜಗಿಯಬಾರದು. ಅಕ್ಷರಗಳಿಲ್ಲದಿದ್ದರೂ ಕುಟ್ಟುವ ಮುನ್ನ ಔಷಧಿ ಅಂಗಡಿಯವರನ್ನೊಮ್ಮೆ ಕೇಳುವುದು ಲೇಸು. ನುಂಗಲಾರದವರಿಗೆ ದ್ರವರೂಪವೋ ಬೇರೊಂದು ಗುಳಿಗೆಯೋ ಹಲವು ವೇಳೆ ದೊರೆಯುತ್ತದೆ. ಅಕ್ಕನವರಿಗೂ ವೈದ್ಯರು ಹಾಗೆಯೇ ಬದಲಿಸಿಕೊಟ್ಟರು.

ಅದೇ ದಿನ ಆ ಮನೆಯಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತು. ಇತರ ಗುಳಿಗೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ, ಹಿತ್ತಾಳೆಯ ಡಬ್ಬಿಯಲ್ಲಿ ಹಾಕಿ, ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದರು. ಮಳೆಗಾಲದ ತೇವ, ಅನ್ನದ ಹಬೆ. ಹೊಟ್ಟೆಯಲ್ಲಿ ಹೀರಬೇಕಾದ ನೀರನ್ನು ವಿಘಟನ ದ್ರವ್ಯವು ಡಬ್ಬಿಯಲ್ಲಿಯೇ ಹೀರಿ, ನಾಲ್ಕಾರು ಗುಳಿಗೆಗಳು ಉಬ್ಬಿ ಅಂಚು ಉದುರಿದ್ದವು. ಅವನ್ನು ತೆಗೆದುಹಾಕಿಸಿ, ಹೊಸದಾಗಿ ತಂದುದನ್ನು ಸ್ಟ್ರಿಪ್ಪಿನಲ್ಲಿಯೇ ಬಿಟ್ಟು ಪಡಸಾಲೆಯ ಕಪಾಟಿನಲ್ಲಿಡಿಸಿ ಬಂದೆನು.