ಬಣ್ಣ ಬದಲಿಸುವ ಕಟ್ಟಡ ಮಾದರಿ ಮತ್ತು ಕಾಮಗಾರಿಯ ಪ್ರಗತಿ ಪ್ರಮಾಣ

ನಿರ್ಮಾಣ ಹಂತದಲ್ಲಿರುವ ಕಟ್ಟಡದ ಕಾಮಗಾರಿ ಎಷ್ಟರ ಮಟ್ಟಿಗೆ ಮುಗಿದಿದೆ ಎಂಬ ಪ್ರಶ್ನೆಗೆ ಬಹುಕಾಲ ಉತ್ತರ ದೊರೆಯುತ್ತಿದ್ದುದು ಅಳತೆ ಪುಸ್ತಕ, ಸ್ಥಳದ ಛಾಯಾಚಿತ್ರ ಹಾಗೂ ಇಂಜಿನಿಯರರ ಮಾತಿನಿಂದ. ಈಗ ದೊಡ್ಡ ಬಿಲ್ಡರುಗಳ ಕಛೇರಿಗಳಲ್ಲಿ ಗಣಕಯಂತ್ರದ ಪರದೆಯ ಮೇಲಿನ ಮೂರು ಆಯಾಮದ ಮಾದರಿಯೊಂದು ಈ ಉತ್ತರವನ್ನು ಬಣ್ಣಗಳಲ್ಲಿ ನೀಡುವುದುಂಟು. ಆರಂಭವಾಗದ ಭಾಗ ಕಾಣಿಸದು, ನಡೆಯುತ್ತಿರುವ ಭಾಗ ಹಸಿರು ಗಾಜಿನಂತೆ, ಮುಗಿದ ಭಾಗ ಕಾಂಕ್ರೀಟು ಅಥವಾ ಇಟ್ಟಿಗೆಯ ನಿಜವರ್ಣದಲ್ಲಿ. ನೋಡಲು ಚೆನ್ನ. ಆದರೆ ಈ ಬಣ್ಣವನ್ನು ನಂಬಿ ಹಣ ಬಿಡುಗಡೆ ಮಾಡಬಹುದೆ?

ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲ್, ಚಿಕ್ಕದಾಗಿ ಬಿಮ್, ಎಂಬ ಈ ಮಾದರಿಯಲ್ಲಿ ಪ್ರತಿಯೊಂದು ಕಂಬ, ತೊಲೆ, ಗೋಡೆಗೂ ತನ್ನದೇ ಗುರುತು ಇರುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಅಥವಾ ಪ್ರೈಮಾವೆರಾದಲ್ಲಿ ಸಿದ್ಧಪಡಿಸಿದ ವೇಳಾಪಟ್ಟಿಯನ್ನು ಇದಕ್ಕೆ ಜೋಡಿಸುತ್ತಾರೆ. ಕಾಲವೂ ಒಂದು ಆಯಾಮವಾಗಿ ಸೇರುವುದರಿಂದ ಇದು ಫೋರ್-ಡಿ. ಸಾವಿರಾರು ಭಾಗಗಳನ್ನು ಕೈಯಿಂದ ಒಂದೊಂದಾಗಿ ಜೋಡಿಸುವುದು ಆಗದ ಮಾತು. ಆದ್ದರಿಂದ ನೇವಿಸ್‌ವರ್ಕ್ಸ್ ತಂತ್ರಾಂಶದ ಟೈಮ್‌ಲೈನರ್ ವಿಭಾಗದಲ್ಲಿ, ವೇಳಾಪಟ್ಟಿಯಲ್ಲಿನ ಕೆಲಸದ ಹೆಸರೂ ಮಾದರಿಯ ಭಾಗದ ಹೆಸರೂ ಒಂದೇ ಆಗಿದ್ದರೆ ತಂತ್ರಾಂಶವೇ ಎರಡನ್ನೂ ಕೂಡಿಸುವಂತೆ ನಿಯಮ ಹಾಕಬಹುದು. ಒಂದಕ್ಷರ ತಪ್ಪಿದರೂ ಕೊಂಡಿ ಕೂಡದು. ಲೆಡ್ಜರ್ ಕೋಡ್ ತಪ್ಪಿದಾಗ ನಮಗಾಗುವ ಪಾಡೇ ಅಲ್ಲಿಯೂ. ರೆವಿಟ್ ಬಳಸುವವರು ಪ್ರತಿ ಭಾಗಕ್ಕೂ 'ಸ್ಥಿತಿ' ಎಂಬ ಅಂಕಣ ಸೇರಿಸಿ, ಎಕ್ಸೆಲ್ ಹಾಳೆಯಿಂದ ಅದನ್ನು ತುಂಬಿಸಿ, ಡೈನಮೋ ಎಂಬ ಸಾಧನದ ಮೂಲಕ ಬಣ್ಣ ಬದಲಿಸುತ್ತಾರೆ.

ಮುಖ್ಯ ವಿಷಯವೆಂದರೆ, ಬಣ್ಣ ಬದಲಾಗುವುದು ಯಾವ ದಿನಾಂಕದ ಮೇಲೆ ಎಂಬುದು. ವೇಳಾಪಟ್ಟಿಯಲ್ಲಿ ಯೋಜಿತ ದಿನಾಂಕವೂ ಇದೆ, ನಿಜವಾಗಿ ಕೆಲಸ ನಡೆದ ದಿನಾಂಕವೂ ಇದೆ. ಒಮ್ಮೆ ಕಕ್ಷಿದಾರರೊಬ್ಬರ ಕಛೇರಿಯಲ್ಲಿ ಆರನೆಯ ಅಂತಸ್ತಿನ ಗೋಡೆಗಳು ಇಟ್ಟಿಗೆ ಬಣ್ಣದಲ್ಲಿ ಕಂಗೊಳಿಸುತ್ತಿದ್ದುದನ್ನು ನೋಡಿ ಸ್ಥಳಕ್ಕೆ ಹೋದರೆ, ನಾಲ್ಕನೆಯ ಅಂತಸ್ತಿನ ಸೆಂಟ್ರಿಂಗ್ ಕೂಡ ಬಿಚ್ಚಿರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ನಿಜ ದಿನಾಂಕಗಳನ್ನು ತುಂಬುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದ. ಮಾದರಿ ಯೋಜಿತ ದಿನಾಂಕಗಳ ಮೇಲೆ ತನ್ನ ಪಾಡಿಗೆ ತಾನು ಬಣ್ಣ ಬದಲಿಸುತ್ತ ಹೋಗಿತ್ತು. ಅದೇ ಟೈಮ್‌ಲೈನರ್‌ನಲ್ಲಿ ಯೋಜಿತವನ್ನೂ ನಿಜವನ್ನೂ ಎದುರುಬದುರು ತೋರಿಸುವ ನೋಟವಿದೆ. ಅದನ್ನು ಯಾರೂ ತೆರೆದಿರಲಿಲ್ಲ.

ಇದನ್ನು ಲಘುವಾಗಿ ಎಣಿಸಲಾಗದು. ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆ, 2016ರ 4ನೆಯ ಪ್ರಕರಣದಂತೆ, ಮನೆ ಕೊಳ್ಳುವವರಿಂದ ಬಂದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಯೋಜನೆ ಪೂರ್ಣಗೊಂಡ ಪ್ರಮಾಣಕ್ಕೆ ಅನುಗುಣವಾಗಿ ಮಾತ್ರ ಅದನ್ನು ಹಿಂಪಡೆಯಬಹುದು. ಇಂಜಿನಿಯರ್, ವಾಸ್ತುಶಿಲ್ಪಿ ಹಾಗೂ ವೃತ್ತಿನಿರತ ಲೆಕ್ಕಪರಿಶೋಧಕ, ಈ ಮೂವರೂ ಅದನ್ನು ದೃಢೀಕರಿಸಬೇಕು. ಅಂದಾಜು ನಿರ್ಮಾಣ ವೆಚ್ಚ 20 ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಪರದೆ ಶೇ. 50 ಎಂದು, ಅಳತೆ ಪುಸ್ತಕ ಶೇ. 40 ಎಂದು ಹೇಳಿದರೆ ವ್ಯತ್ಯಾಸ 2 ಕೋಟಿ. ಅದು ಬಿಲ್ಡರರದಲ್ಲ, ಬ್ಯಾಂಕ್ ಸಾಲದ ಕಂತು ಕಟ್ಟುತ್ತಿರುವ ಗ್ರಾಹಕರ ಹಣ.

ನಿಜ ದಿನಾಂಕವನ್ನೇ ತುಂಬಿದರೂ ಎರಡು ತೊಡಕುಗಳಿವೆ. ಇಡೀ ಅಂತಸ್ತಿನ ತಾರಸಿಯನ್ನು ಒಂದೇ ಭಾಗವಾಗಿ ರಚಿಸಿದ್ದರೆ, ಅರ್ಧಕ್ಕೆ ಕಾಂಕ್ರೀಟು ಬಿದ್ದಾಗ ಬಣ್ಣ ತೋರಿಸುವುದು ಹೇಗೆ? ಒಂದು ಸಲಕ್ಕೆ ಎಷ್ಟು ಕಾಂಕ್ರೀಟು ಹಾಕುತ್ತಾರೋ ಅಷ್ಟಷ್ಟಕ್ಕೆ ಮಾದರಿಯನ್ನು ಮೊದಲೇ ವಿಂಗಡಿಸಿಡಬೇಕು. ಎರಡನೆಯದು ಬೆಲೆಯ ಪ್ರಶ್ನೆ. ಕಂಬ, ತೊಲೆ, ಗೋಡೆಗಳೆಲ್ಲ ಬಣ್ಣ ಪಡೆದ ಕೂಡಲೇ ಕಟ್ಟಡ ಮುಗಿದಂತೆ ಕಾಣುತ್ತದೆ. ನೆಲಹಾಸು, ನೀರಿನ ಕೊಳವೆ, ವಿದ್ಯುತ್ ತಂತಿ, ಲಿಫ್ಟು ಇವುಗಳ ವೆಚ್ಚ ಮಾತ್ರ ಇನ್ನೂ ಮುಂದಿರುತ್ತದೆ. ಭಾಗಗಳ ಎಣಿಕೆಯಿಂದಲ್ಲ, ಅಂದಾಜು ಪಟ್ಟಿಯ ದರದಿಂದ ಶೇಕಡಾವನ್ನು ಲೆಕ್ಕ ಹಾಕಬೇಕು.

ಲಿಫ್ಟಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. ವೆಚ್ಚದ ಆಧಾರದ ಮೇಲೆ ಪ್ರಗತಿಯನ್ನು ಅಳೆಯುವ ಗುತ್ತಿಗೆದಾರ ಕಂಪನಿಗಳಿಗೆ ಇಂಡ್ ಎಎಸ್ 115 ಅನ್ವಯಿಸುವಲ್ಲಿ, ಸ್ಥಳಕ್ಕೆ ಬಂದು ಜೋಡಣೆಯಾಗದೆ ಕುಳಿತ ದುಬಾರಿ ಸಾಮಗ್ರಿಯ ಬೆಲೆಯನ್ನು ಕೆಲವು ಸಂದರ್ಭಗಳಲ್ಲಿ ಪ್ರಗತಿಯ ಲೆಕ್ಕದಿಂದ ಹೊರಗಿಡಬೇಕಾಗುತ್ತದೆ. ಆ ಮಾನದಂಡದ ಜೊತೆಗಿರುವ ದೃಷ್ಟಾಂತವೂ ಲಿಫ್ಟಿನದೇ. ಹೀಗಾಗಿ ಮಾದರಿಯಲ್ಲಿ 'ಸ್ಥಳಕ್ಕೆ ಬಂದಿದೆ', 'ಜೋಡಣೆಯಾಗಿದೆ' ಎಂಬ ಎರಡು ಸ್ಥಿತಿಗಳಿಗೆ ಬೇರೆ ಬೇರೆ ಬಣ್ಣವಿರುವುದು ಲೆಕ್ಕದವರಿಗೆ ಬಲು ಉಪಕಾರಿ. ನಾನು ನೋಡಿದ ಮಾದರಿಗಳಲ್ಲಿ ಇದು ಅಪರೂಪ.

ಮಾದರಿಯ ಚಿತ್ರವನ್ನು ಆಧಾರವಾಗಿ ಒಪ್ಪಿಸುವ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ: ಬಣ್ಣದ ಹಿಂದಿರುವ ಸ್ಥಿತಿಪಟ್ಟಿಯನ್ನು, ನಿಜ ದಿನಾಂಕ ಹಾಗೂ ಸ್ಥಳದ ಇಂಜಿನಿಯರರ ರುಜುವಿನೊಡನೆ, ತಿಂಗಳಿಗೊಮ್ಮೆ ಮುದ್ರಿಸಿ ಕಡತದಲ್ಲಿಡಿ. ಅದರಿಂದ ಹತ್ತಿಪ್ಪತ್ತು ಭಾಗಗಳನ್ನು ಆರಿಸಿ ಅಳತೆ ಪುಸ್ತಕದೊಡನೆ ತಾಳೆ ನೋಡಲು ನಮಗೆ ಅರ್ಧ ದಿನ ಸಾಕು. ಮೂರು ನಾಲ್ಕು ಅಂತಸ್ತಿನ ಕಟ್ಟಡ ಕಟ್ಟುವವರು ಈ ತಂತ್ರಾಂಶಗಳಿಗೆ ಹಣ ಸುರಿಯಬೇಕಾದ ಅಗತ್ಯ ನನಗೆ ಕಾಣದು. ಅವರಿಗೆ ಎಕ್ಸೆಲ್ ಹಾಳೆ ಮತ್ತು ದಿನಾಂಕಸಹಿತ ಛಾಯಾಚಿತ್ರಗಳೇ ಧಾರಾಳ.