ದವಡೆಯ ಕೀಲುಬಾವು ಮತ್ತು ಕಿವಿಮಂದ: ಗಡಿಭಾಗದ ಮಾತಿನ ನೆಲೆಯಿಂದ

ಕನ್ನಡ ಸಾಹಿತ್ಯ ಓದುವವರಿಗೆ ದವಡೆಯ ಉಸಾಬರಿ ಯಾಕ ಅಂತ ನೀವು ಕೇಳಬಹುದು. ನಮ್ಮ ಮುರಗೂಡ, ಗಡಹಿಂಗ್ಲಜ ಕಡೆಯ ಕನ್ನಡದ ಮನೆಗಳವರು ದವಾಖಾನೆಯಲ್ಲಿ ಮಾತಾಡುವುದು ಮರಾಠಿ. ನೋವು ಡಾಕ್ಟರರಿಗೆ ಮುಟ್ಟುವುದು ಮಾತಿನಿಂದ. ಆದ್ದರಿಂದ ಇದು ಭಾಷೆಯ ಪ್ರಶ್ನೆಯೂ ಹೌದು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡ್ರಿ, ಅಲ್ಲಿ ಆಡುವುದೇ ದವಡೆಯ ಕೀಲು. ಅದಕ್ಕೂ ಕಿವಿಯ ಕೊಳವೆಗೂ ನಡುವೆ ಇರುವುದು ತೆಳುವಾದ ಎಲುಬು. ರುಮಟಾಯ್ಡ್ ಸಂಧಿವಾತ ಈ ಕೀಲಿಗೂ ತಗಲಬಹುದು. ಆಗ ಒಳಪೊರೆ ಬಾತು, ಬೆಳಿಗ್ಗೆ ಬಾಯಿ ಬಿಗಿಯುತ್ತದೆ. ಕಟಕ ರೊಟ್ಟಿ, ಕಬ್ಬು ಅಗಿಯುವುದು ಕಷ್ಟವಾಗುತ್ತದೆ. ಕೀಲಿಗೂ ಕಿವಿಯ ಕೊಳವೆಯ ಒಂದು ಭಾಗಕ್ಕೂ ಒಂದೇ ನರದ ಎಳೆಗಳು ಹೋಗುವುದರಿಂದ ನೋವು ಕಿವಿಯೊಳಗೇ ಇದ್ದಂತೆ ಅನಿಸುತ್ತದೆ.

1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಈ ಕೀಲಿನ ದೋಷಕ್ಕೂ ಕಿವಿಯ ತೊಂದರೆಗಳಿಗೂ ನಂಟು ಹಾಕಿ ಬರೆದರು. ಸರಿದ ದವಡೆ ಒತ್ತುವುದೇ ಕಾರಣ ಎಂಬ ಅವರ ವಿವರಣೆಯನ್ನು ಅಂಗರಚನಾ ತಜ್ಞರು ಮುಂದೆ ಒಪ್ಪಲಿಲ್ಲ. ಆದರೆ ದವಡೆ ನೋವಿನ ಜೊತೆ ಕಿವಿಯ ದೂರು ಬರುವುದಂತೂ ಇವತ್ತಿಗೂ ಸಾಮಾನ್ಯ.

ಹಾಗಾದರೆ ಕಿವಿ ಮಂದವಾಗುವುದು ಹೇಗೆ? ಸಂಧಿವಾತ ಇಡೀ ಮೈಯ ರೋಗ. ನಡುಗಿವಿಯ ಮೂರು ಪುಟ್ಟ ಎಲುಬುಗಳ ನಡುವೆಯೂ ಕೀಲುಗಳಿವೆ. ಉರಿಯೂತ ಅವುಗಳನ್ನೂ ಹಿಡಿಯಬಹುದು. ಒಳಗಿವಿಯ ಶ್ರವಣದೋಷವೂ ಈ ರೋಗಿಗಳಲ್ಲಿ ಹೆಚ್ಚು ಕಂಡಿದೆ. ನೋವಿಗೆಂದು ಆಸ್ಪಿರಿನ್ ಅತಿಯಾಗಿ ನುಂಗಿದರೂ ಕಿವಿ ಗುಂಯ್‌ಗುಟ್ಟಿ ಮಂದವಾಗುತ್ತದೆ. ಗುಳಿಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಂದರೆ ದವಡೆ ಕಿವಿಯನ್ನು ಕೆಡಿಸಿತು ಎನ್ನುವುದಕ್ಕಿಂತ, ಒಂದೇ ರೋಗ ಎರಡನ್ನೂ ಹಿಡಿದಿರಬಹುದು ಎಂದು ನೋಡುವುದು ಸರಿ.

ಇಲ್ಲಿ ನಮ್ಮ ಆಡುಮಾತು ಕೆಲಸಕ್ಕೆ ಬರುತ್ತದೆ. ‘ಕಿವಿ ಮುಚ್ಚಿದಂಗ ಆಗೈತಿ’, ‘ಕಿವ್ಯಾಗ ಗುಂಯ್ ಅಂತೈತಿ’, ‘ಕೇಳ್ಸವಲ್ದು’ — ಇವು ಮೂರು ಬೇರೆ ಬೇರೆ ದೂರುಗಳು. ಮೊದಲೆರಡು ಇದ್ದರೂ ಶ್ರವಣ ಪರೀಕ್ಷೆ ಸರಿಯಾಗಿಯೇ ಬರಬಹುದು. ಮೂರನ್ನೂ ಸೇರಿಸಿ ಮರಾಠಿಯಲ್ಲಿ ‘ಐಕೂ ಯೇತ್ ನಾಹೀ’ ಎಂದುಬಿಟ್ಟರೆ ದವಡೆಯ ಸುದ್ದಿಯೇ ಬಿಟ್ಟುಹೋಗುತ್ತದೆ. ಅಜ್ಜಿ-ಅವ್ವಂದಿರ ಜೊತೆ ದುಭಾಷಿಗಳಾಗಿ ಹೋಗುವವರು ನಾವೇ. ಅಗಿಯುವಾಗ ನೋಯುತ್ತದೋ, ಬೆರಳಿನ ಗಂಟುಗಳೂ ಬಾತಿವೆಯೋ, ಯಾವ ಗುಳಿಗೆ ನಡೆದಿದೆ, ಇಷ್ಟನ್ನೂ ಹೇಳಬೇಕು. ಶ್ರವಣ ಪರೀಕ್ಷೆ ಕೇಳಬೇಕು. ಒಂದೆರಡು ದಿನದಲ್ಲೇ ಕಿವಿ ಕೇಳದಂತಾದರೆ ದವಡೆಯ ಮೇಲೆ ಹಾಕಿ ಕೂಡಬಾರದು, ಅವತ್ತೇ ತೋರಿಸಬೇಕು.

ನಿಮ್ಮ ಊರುಗಳಲ್ಲಿ ಈ ದೂರುಗಳಿಗೆ ಬೇರೆ ಮಾತುಗಳಿದ್ದರೆ ಚರ್ಚೆಯಲ್ಲಿ ದಯವಿಟ್ಟು ತಿಳಿಸ್ರಿ.