ನಿಮಗಿದು ಗೊತ್ತೇ? ಜೊಂಡಿನ ಕೆರೆಗೆ ಗರಿಯ ನೊಣ

ಕೊಕ್ಕೆಗೆ ಎರೆಹುಳು ಪೋಣಿಸಿ, ಬೆಂಡು ತೇಲಿಬಿಟ್ಟು ಕಾದು ಕೂರುವ ಗಾಳ ನಮಗೆ ಗೊತ್ತಿರುವುದೇ. ಅಮೆರಿಕದ ‘ಫ್ಲೈ ಫಿಶಿಂಗ್‌’ನಲ್ಲಿ ಹುಳುವಿಗೆ ಕೆಲಸವಿಲ್ಲ. ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿನೊಣವೇ ಅಲ್ಲಿ ಎರೆ. ಅದಕ್ಕೆ ತೂಕವೇ ಇಲ್ಲವಲ್ಲ, ದೂರಕ್ಕೆ ಎಸೆಯುವುದು ಹೇಗೆ? ಎಸೆಯುವುದು ನೊಣವನ್ನಲ್ಲ, ದಾರವನ್ನು. ಬಾಸ್ ಮೀನಿಗೆ ಬಳಸುವ 8ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗುತ್ತದೆ. ಆ ಭಾರವೇ ನೊಣವನ್ನು ಹೊತ್ತೊಯ್ಯುತ್ತದೆ.

ದಾರದ ನಂಬರು ಏರಿದಷ್ಟೂ ಭಾರ ಹೆಚ್ಚು. ಕೊಕ್ಕೆಯ ನಂಬರು ಇದಕ್ಕೆ ತಿರುವುಮುರುವು: 10ನೇ ನಂಬರಿನದು 2ನೇ ನಂಬರಿನದಕ್ಕಿಂತ ಚಿಕ್ಕದು.

ಟ್ರೌಟ್ ಹಿಡಿಯುವವರು ತಿಳಿನೀರಿನ ತೊರೆ ಹುಡುಕಿಕೊಂಡು ಹೋದರೆ, ಬಾಸ್ ಹಿಡಿಯುವವರ ಕಣ್ಣು ಜೊಂಡು, ನೈದಿಲೆ ಎಲೆ, ಕಳೆ ಮುತ್ತಿದ ಕೆರೆಯ ಮೇಲೆ. ಲಾರ್ಜ್‌ಮೌತ್ ಬಾಸ್ ಹೊಂಚುಗಾರ ಮೀನು. ಎಲೆಯ ನೆರಳಿನಲ್ಲಿ ಅಲುಗದೆ ನಿಂತು, ಬೇಟೆ ಹತ್ತಿರ ಬಂದೊಡನೆ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ.

ಹೆಸರು ಬಾಸ್ ಆದರೂ ಅದು ನಿಜವಾದ ಬಾಸ್ ಅಲ್ಲ, ಸನ್‌ಫಿಶ್ ಕುಟುಂಬದ್ದು. 1802ರಲ್ಲಿ ಫ್ರಾನ್ಸಿನ ಜೀವಿಶಾಸ್ತ್ರಜ್ಞ ಲಾಸೆಪೆಡ್ ಇಟ್ಟ ‘ಸಾಲ್ಮಾಯ್ಡಿಸ್’ ಎಂಬ ವೈಜ್ಞಾನಿಕ ಹೆಸರಿನ ಅರ್ಥ ‘ಸಾಲ್ಮನ್‌ನಂಥದ್ದು’. ಅದೂ ಅಲ್ಲ! ಅಂಗೈಯಗಲದ ಬ್ಲೂಗಿಲ್ ಇದರ ದಾಯಾದಿ, ಊಟವೂ ಹೌದು. ‘ಪ್ಯಾನ್‌ಫಿಶ್’ ಎಂಬ ಜಾತಿಯಂತೂ ಇಲ್ಲವೇ ಇಲ್ಲ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಬ್ಲೂಗಿಲ್, ಕ್ರಾಪಿ ಮುಂತಾದವಕ್ಕೆಲ್ಲ ಅಡುಗೆಮನೆ ಕೊಟ್ಟ ಒಂದೇ ಹೆಸರು ಅದು.

ಕಳೆಯಲ್ಲಿ ಕೊಕ್ಕೆ ಸಿಕ್ಕಿಬೀಳುವುದಿಲ್ಲವೇ? ಬೀಳುತ್ತದೆ. ಅದಕ್ಕೇ ಕೊಕ್ಕೆಯ ಮೊನೆಗೆ ಅಡ್ಡಲಾಗಿ ನೈಲಾನ್ ಎಳೆಯ ಸಣ್ಣ ಬಳೆ ಕಟ್ಟುತ್ತಾರೆ. ಎಲೆ ತಾಗಿದರೆ ಜಾರುತ್ತದೆ, ಮೀನು ಕಚ್ಚಿದರೆ ಬಾಗುತ್ತದೆ. ಬಾಸ್‌ನ ನೊಣಕ್ಕೆ ಜಿಂಕೆಯ ಕೂದಲೇ ಪ್ರಿಯ. ಅದರೊಳಗೆಲ್ಲ ಗಾಳಿಗೂಡುಗಳಿರುವುದರಿಂದ ಬೆಂಡಿನಂತೆ ತೇಲುತ್ತದೆ.

ಜಿಂಕೆಯ ಕೂದಲೇನೂ ಹೊಸ ಉಪಾಯವಲ್ಲ. ಅಮೆರಿಕದ ನಿಸರ್ಗತಜ್ಞ ವಿಲಿಯಂ ಬಾರ್ಟ್ರಾಮ್ 1791ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಫ್ಲಾರಿಡಾದ ಮೀನುಬೇಟೆಯ ಚಿತ್ರವಿದೆ: ಮೂರು ಕೊಕ್ಕೆ ಜೋಡಿಸಿ, ಜಿಂಕೆ ಬಾಲದ ಬಿಳಿಕೂದಲು, ಕೆಂಪು ಬಟ್ಟೆಯ ಚೂರು, ಗರಿ ಸುತ್ತಿ, ದೋಣಿಯಿಂದ ಕಳೆಯ ಅಂಚಿನುದ್ದಕ್ಕೂ ನೀರಿಗೆ ತಾಗಿಯೂ ತಾಗದಂತೆ ಆಡಿಸುವುದು. ಸಿಕ್ಕುತ್ತಿದ್ದದ್ದು ಬಾಸ್; ಅದನ್ನು ಅವರು ಟ್ರೌಟ್ ಎಂದು ಕರೆದದ್ದು ಬೇರೆ ಮಾತು.

ತೇಲುವ ನೊಣ ನೀರಿಗೆ ಬಿದ್ದಮೇಲೆ ಏನು ಮಾಡಬೇಕು? ಏನೂ ಮಾಡಬಾರದು. ಎದ್ದ ಅಲೆಯ ಬಳೆಗಳೆಲ್ಲ ಅಳಿಯುವವರೆಗೂ ಕಾಯಬೇಕೆಂಬುದು ಹಳಬರ ಪಾಠ. ಬಹುತೇಕರು ಸೋಲುವುದು ಇಲ್ಲೇ.

ಇನ್ನು ಬಾಸ್ ಮೀನಿನ ದಾಯಾದಿಯ ಕತೆ. ಬ್ಲೂಗಿಲ್ ಗಂಡುಗಳು ಗುಂಪಾಗಿ, ಅಕ್ಕಪಕ್ಕದಲ್ಲೇ, ಬಾಲದಿಂದ ನೆಲ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತವೆ. ಮೊಟ್ಟೆ, ಮರಿ ಕಾಯುವ ಕೆಲಸವೂ ಅವುಗಳದ್ದೇ. ಆದರೆ ಎಲ್ಲ ಗಂಡುಗಳೂ ಇಷ್ಟು ಪ್ರಾಮಾಣಿಕವಲ್ಲ. ಕೆನಡಾದ ಒಪಿನಿಕಾನ್ ಸರೋವರದಲ್ಲಿ ಗೂಡು ಕಟ್ಟುವ ಗಂಡು ಪ್ರಾಯಕ್ಕೆ ಬರಲು ಸುಮಾರು 7 ವರ್ಷ ಹಿಡಿದರೆ, ಇನ್ನೊಂದು ಬಗೆಯದು 2 ವರ್ಷಕ್ಕೇ ತಯಾರು. ಕಳೆಯ ಮರೆಯಿಂದ ಛಂಗನೆ ನುಗ್ಗಿ ಕೆಲಸ ಮುಗಿಸಿ ಓಡುತ್ತದೆ. ಬೆಳೆದಮೇಲೆ ಹೆಣ್ಣಿನ ವೇಷ ತೊಟ್ಟು ಒಳಹೊಗುತ್ತದೆ.

1960ರಲ್ಲಿ ಷಿಕಾಗೊ ಮೇಯರ್ ರಿಚರ್ಡ್ ಡೇಲಿ ಜಪಾನಿನ ಯುವರಾಜ ಅಕಿಹಿಟೊಗೆ ಬ್ಲೂಗಿಲ್ ಮೀನುಗಳನ್ನು ಉಡುಗೊರೆ ಕೊಟ್ಟರು. ಅವುಗಳ ಸಂತತಿ ಬಿವಾ ಸರೋವರಕ್ಕೂ ನುಗ್ಗಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. ಸ್ವತಃ ಮೀನುಶಾಸ್ತ್ರಜ್ಞರಾದ ಅಕಿಹಿಟೊ, ಚಕ್ರವರ್ತಿಯಾಗಿ 2007ರಲ್ಲಿ ಬಹಿರಂಗವಾಗಿಯೇ ನೊಂದುಕೊಂಡರು. ಅದೇ ಬಿವಾದಲ್ಲಿ 2009ರ ಜುಲೈ 2ರಂದು ಮನಾಬು ಕುರಿಟಾ ಸುಮಾರು 10.12 ಕಿಲೋ ತೂಗುವ ಬಾಸ್ ಹಿಡಿದರು. ಎರೆ ಯಾವುದು? ಜೀವಂತ ಬ್ಲೂಗಿಲ್! ಜಾರ್ಜ್ ಪೆರ್ರಿ 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹಿಡಿದು ವಿಶ್ವದಾಖಲೆ ಮಾಡಿದ್ದ ಬಾಸ್‌ಗಿಂತ ಇದು ಸುಮಾರು 27 ಗ್ರಾಂ ಹೆಚ್ಚು. ದಾಖಲೆ ಮುರಿಯಲು 2 ಔನ್ಸ್, ಅಂದರೆ ಸುಮಾರು 57 ಗ್ರಾಂ ಅಂತರ ಬೇಕಿತ್ತು. ಹಾಗಾಗಿ ಇಬ್ಬರಿಗೂ ಸಮಪಾಲು. ನನ್ನನ್ನು ಕೇಳಿದರೆ, ಆ ದಾಖಲೆ 77 ವರ್ಷ ಕಾದದ್ದಕ್ಕಾದರೂ ಕುರಿಟಾಗೆ ಬಿಟ್ಟುಕೊಡಬಹುದಿತ್ತು.

ಕಳೆ ಇದ್ದರೆ ಮೀನು, ನಿಜ. ಆದರೆ ಅತಿಯಾದರೆ ಬಾಸ್‌ಗೆ ಬ್ಲೂಗಿಲ್ ಸಿಗುವುದಿಲ್ಲ. ಬ್ಲೂಗಿಲ್ ಸಂಖ್ಯೆ ಮಿತಿಮೀರಿ, ಮೇವು ಸಾಲದೆ ಎಲ್ಲವೂ ಕುಳ್ಳಾಗುತ್ತವೆ.

ಅಮೆರಿಕದ ಕೆರೆಗಳನ್ನು ಹಾಗೆ ಮುತ್ತಿದ ಕಳೆಗಳಲ್ಲಿ ಹೈಡ್ರಿಲ್ಲಾ ಒಂದು. ಹೌದು, ಶಾಲೆಯಲ್ಲಿ ಆಲಿಕೆಯ ಕೆಳಗಿಟ್ಟು ಆಮ್ಲಜನಕದ ಗುಳ್ಳೆ ತೋರಿಸಿದರಲ್ಲ, ಅದೇ ಗಿಡ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲಾರಿಡಾ ಸೇರಿತು. 1997ರಲ್ಲಿ ಪ್ರಕಟವಾದ ಡಿಎನ್‌ಎ ಹೋಲಿಕೆಯಲ್ಲಿ ಅಲ್ಲಿನ ಗಿಡಕ್ಕೆ ತಾಳೆಯಾದ ಮಾದರಿ ಎಲ್ಲಿಯದು ಗೊತ್ತೇ? ನಮ್ಮ ಬೆಂಗಳೂರಿನದು. ಅದನ್ನು ಹತೋಟಿಗೆ ತರಲು 1987ರಲ್ಲಿ ಫ್ಲಾರಿಡಾದ ಕೆರೆಗೆ ಬಿಟ್ಟದ್ದೂ ಭಾರತದಿಂದ ಒಯ್ದ ಒಂದು ಬಗೆಯ ನೊಣವನ್ನೇ. ಗರಿಯದ್ದಲ್ಲ, ಜೀವ ಇದ್ದದ್ದು.